ಸದ್ದು ಕೇಳುತ್ತದೆ, ಮಾತು ಕೇಳುವುದಿಲ್ಲ

ಕನ್ನಡದಲ್ಲಿ ಧ್ವನಿವರ್ಧಕ ಎಂಬುದೊಂದು ಮಾತಿದೆ. ಗಾಯಕನ ಮುಂದಿನ ಮೈಕು, ಅದರ ಹಿಂದಿನ ಯಂತ್ರ, ತೆಂಗಿನ ಮರಕ್ಕೆ ಕಟ್ಟಿದ ಹಾರ್ನು, ಈ ಮೂರನ್ನೂ ನಮ್ಮ ಜನ ಆ ಒಂದೇ ಮಾತಿನ ಗಂಟಿನಲ್ಲಿ ಕಟ್ಟಿಬಿಟ್ಟಿದ್ದಾರೆ. ವರ್ಧಿಸುವವರು ಯಾರು, ವರ್ಧಿಸಿದ್ದನ್ನು ಹೊರಗೆ ಹಾಡುವವರು ಯಾರು ಎಂದು ವಿಚಾರಿಸುವ ವ್ಯವಧಾನ ಯಾರಿಗಿದೆ? ಸದ್ದು ದೊಡ್ಡದಾದರೆ ಆಯಿತು. ಮದುವೆಯ ಚಪ್ಪರದಿಂದ ಗಣೇಶನ ಪೆಂಡಾಲಿನವರೆಗೆ ಎಲ್ಲೆಲ್ಲಿಯೂ ಇದೇ ಸಿದ್ಧಾಂತ.

ಮಂಡ್ಯದ ಅಶೋಕನಗರದಲ್ಲಿರುವ ನಿವೃತ್ತ ಮೇಷ್ಟರೊಬ್ಬರು ಈ ಸಿದ್ಧಾಂತವನ್ನು ಒಪ್ಪಿದವರಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಹೈಸ್ಕೂಲಿನ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಟ್ಟವರು ಅವರು. ಆಂಪ್ಲಿಫೈಯರೇ ಬೇರೆ, ಸ್ಪೀಕರೇ ಬೇರೆ. ಒಂದಕ್ಕೊಂದು ಹೊಂದದೆ ಹೋದರೆ ಎರಡೂ ದಂಡ ಎಂಬುದು ಅವರಿಗೆ ಬಾಯಿಪಾಠವಾಗಿತ್ತು. ಆದರೆ ಈ ಸಂಸಾರದಲ್ಲಿ ಮೂರನೆಯವರೊಬ್ಬರು ಇದ್ದಾರೆಂಬುದನ್ನು ತಿಳಿಯಲು ಅವರು ಮದ್ದೂರಿಗೆ ಹೋಗಿ, ಮಳವಳ್ಳಿಗೆ ಹೋಗಿ, ಕೊನೆಗೆ ಮೈಸೂರಿಗೂ ಹೋಗಿ ಬರಬೇಕಾಯಿತು.

ಮೇಷ್ಟರ ಪತ್ನಿ ತಿರುಮಕೂಡಲು ನರಸೀಪುರದ ಕಡೆಯವರು. ಪಿಟೀಲು ಚೌಡಯ್ಯನವರ ಸೀಮೆಯವರೆಂದ ಮೇಲೆ ಸಂಗೀತದ ಗಾಳಿ ಸೋಕದೆ ಇದ್ದೀತೆ? ಚಿಕ್ಕಂದಿನಲ್ಲಿ ನಾಲ್ಕು ವರ್ಷ ವೀಣೆ ಕಲಿತರು. ಮದುವೆಯಾದ ಮೇಲೆ ವೀಣೆ ಅಟ್ಟ ಸೇರಿತು. ಕೇಳುವ ಅಭ್ಯಾಸ ಮಾತ್ರ ಉಳಿಯಿತು. ಸಂಜೆ ದೇವರ ಮುಂದೆ ದೀಪ ಹಚ್ಚಿದ ಮೇಲೆ ಒಂದು ಗಂಟೆಯ ಕಾಲ ಗಂಡಹೆಂಡಿರು ಕುಳಿತು ಹಾಡು ಕೇಳುವುದು ಆ ಮನೆಯ ಪದ್ಧತಿ. ರೇಡಿಯೊ ಹೋಗಿ ಕ್ಯಾಸೆಟ್ಟು ಬಂತು. ಕ್ಯಾಸೆಟ್ಟು ಹೋಗಿ ಸಿ.ಡಿ. ಬಂತು. ಪದ್ಧತಿ ತಪ್ಪಿದ್ದಿಲ್ಲ.

ತಪ್ಪಿದ್ದು ಮೇಷ್ಟರು ನಿವೃತ್ತರಾದ ಮರುವರ್ಷ. ಹಾಡು ಅರ್ಧಕ್ಕೆ ಬಂದಿರುವಾಗ ಆಕೆ ಏನೋ ನೆನಪಾದವರಂತೆ ಎದ್ದು ಅಡಿಗೆಯ ಮನೆಗೆ ಹೋಗತೊಡಗಿದರು. ಒಂದು ದಿನವಲ್ಲ, ಎರಡು ದಿನವಲ್ಲ, ತಿಂಗಳುಗಟ್ಟಲೆ ಹೀಗೆಯೇ. ಬೆಂಗಳೂರಿನಿಂದ ಮಗಳು ಫೋನು ಮಾಡಿದರೆ, "ನಿಮ್ಮಪ್ಪನ ಹತ್ತಿರ ಮಾತಾಡಮ್ಮ" ಎಂದು ಕೊಟ್ಟುಬಿಡುವರು. ಪಕ್ಕದ ಮನೆಯಾಕೆ ಒಮ್ಮೆ ಕಾಲುನೋವೆಂದು ಹೇಳಿಕೊಂಡರೆ ಈಕೆ ಒಳಗೆ ಹೋಗಿ ಒಂದು ಲೋಟ ಹಾಲು ತಂದುಕೊಟ್ಟರು. ಎಲ್ಲರೂ ನಕ್ಕರು. ಆಕೆಯೂ ನಕ್ಕರು.

ಒಂದು ಸಂಜೆ ಮೇಷ್ಟರು ಕೇಳಿಯೇಬಿಟ್ಟರು: "ಹಾಡು ಬೇಸರವಾಯಿತೇನೆ?"

"ಬೇಸರವಲ್ಲ, ಅಂದ್ರೆ... ಸದ್ದು ಕೇಳುತ್ತದೆ, ಮಾತು ಕೇಳುವುದಿಲ್ಲ. ಹಾಡುತ್ತಿದ್ದಾರೆ ಅಂತ ಗೊತ್ತಾಗುತ್ತದೆ, ಏನು ಹಾಡುತ್ತಿದ್ದಾರೆ ಅಂತ ಗೊತ್ತಾಗುವುದಿಲ್ಲ. ಈ ಪೆಟ್ಟಿಗೆಗೂ ವಯಸ್ಸಾಯಿತೋ ಏನೋ" ಎಂದರು ಆಕೆ.

ಪೆಟ್ಟಿಗೆಗೆ ವಯಸ್ಸಾಗಿದ್ದುದು ನಿಜ. ಮೇಷ್ಟರಿಗೆ ಅಷ್ಟೇ ಸಾಕಾಯಿತು. ನಿವೃತ್ತಿಯ ಹಣದಲ್ಲಿ ಎರಡು ಲಕ್ಷ ರೂಪಾಯಿ ಬೇರೆ ತೆಗೆದಿಟ್ಟು, ಒಳ್ಳೆಯ ಸ್ಪೀಕರುಗಳ ಜೋಡಿಯೊಂದನ್ನೂ ಅದಕ್ಕೆ ತಕ್ಕ ಆಂಪ್ಲಿಫೈಯರನ್ನೂ ಕೊಳ್ಳುವುದೆಂದು ನಿಶ್ಚಯಿಸಿದರು. ಇಡೀ ಜನ್ಮದಲ್ಲಿ ತಮಗಾಗಿ ಏನನ್ನೂ ಕೇಳದ ಹೆಂಡತಿಗೆ ಇದಾದರೂ ಆಗಲಿ ಎಂಬುದು ಮನಸ್ಸಿನೊಳಗಿನ ಮಾತು.

ಕೊಳ್ಳುವವನು ಮೊದಲು ಲೆಕ್ಕ ಹಾಕಬೇಕಷ್ಟೆ. ದಿನಸಿಯ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಮೇಷ್ಟರು ಡೆಸಿಬಲ್ಲುಗಳನ್ನು ಬರೆಯತೊಡಗಿದರು. ಅಂಗಡಿಯವರು ವ್ಯಾಟಿನ ಮಾತನ್ನಷ್ಟೇ ಆಡುತ್ತಾರೆ. ನೂರು ವ್ಯಾಟು, ಇನ್ನೂರು ವ್ಯಾಟು ಎಂದು ಎತ್ತಿನ ಜಾತ್ರೆಯಲ್ಲಿ ಹಲ್ಲು ಎಣಿಸಿದಂತೆ ಎಣಿಸುತ್ತಾರೆ. ಆದರೆ ವ್ಯಾಟಿಗಿಂತ ಮೊದಲು ನೋಡಬೇಕಾದದ್ದು ಸ್ಪೀಕರಿನ ಸಂವೇದನೆ. ಅದಕ್ಕೆ ಒಂದು ವ್ಯಾಟು ವಿದ್ಯುತ್ತು ಕೊಟ್ಟು, ಒಂದು ಮೀಟರು ದೂರದಲ್ಲಿ ಅಳೆದರೆ ಎಷ್ಟು ಡೆಸಿಬಲ್ಲು ಬರುತ್ತದೆ ಎಂಬುದೇ ಆ ಅಂಕಿ. ಇದು ಮೂರು ಡೆಸಿಬಲ್ಲು ಕಡಮೆಯಾದರೆ ಅದೇ ಸದ್ದಿಗೆ ಎರಡರಷ್ಟು ವ್ಯಾಟು ಬೇಕು, ಹತ್ತು ಕಡಮೆಯಾದರೆ ಹತ್ತರಷ್ಟು, ಇಪ್ಪತ್ತಾದರೆ ನೂರರಷ್ಟು. ನಮ್ಮ ಕಿವಿಯೂ ಮಹಾ ಜಿಪುಣ. ಹತ್ತರಷ್ಟು ವ್ಯಾಟು ಸುರಿದರೆ ಸದ್ದು ಸುಮಾರು ಎರಡರಷ್ಟಾಯಿತು ಎಂದು ಒಪ್ಪಿಕೊಳ್ಳುತ್ತದೆ, ಅಷ್ಟೆ. ಐವತ್ತು ವ್ಯಾಟಿನ ಯಂತ್ರವನ್ನು ಬಿಟ್ಟು ನೂರು ವ್ಯಾಟಿನದನ್ನು ತಂದವನಿಗೆ ದಕ್ಕುವ ಲಾಭ ಬರಿಯ ಮೂರು ಡೆಸಿಬಲ್ಲು!

ಇದರ ಹಿಂದೆ ಒಂದು ಚರಿತ್ರೆಯೂ ಉಂಟು. 1925ರಲ್ಲಿ ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬ ಇಬ್ಬರು, ಸುರುಳಿಯ ಅಲುಗಾಟದಿಂದ ಕಾಗದದ ಶಂಕುವನ್ನು ಕುಣಿಸುವ ಸ್ಪೀಕರಿನ ವಿವರವನ್ನು ಪ್ರಕಟಿಸಿದರು. ಮರುವರ್ಷ ಅದು ಅಂಗಡಿಗೆ ಬಂದಾಗ ಪೆಟ್ಟಿಗೆಯೊಳಗೆ ಅದಕ್ಕೆ ಹೊಂದುವ ಆಂಪ್ಲಿಫೈಯರನ್ನೂ ಸೇರಿಸಿಯೇ ಮಾರಿದರು. ಹುಟ್ಟಿದಂದಿನಿಂದಲೂ ಅವು ಜೋಡಿ. 1954ರಲ್ಲಿ ಎಡ್ಗರ್ ವಿಲ್ಚರ್ ಎಂಬಾತ, ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಯಿಂದಲೇ ಮೃದಂಗದ ಎಡಬದಿಯಂಥ ಆಳದ ನಾದವನ್ನು ಹೊರಡಿಸಿ ತೋರಿಸಿದ. ಆದರೆ ಪುಕ್ಕಟೆಯಾಗಿ ಏನು ಬರುತ್ತದೆ? ಪೆಟ್ಟಿಗೆ ಚಿಕ್ಕದಾಯಿತು, ವ್ಯಾಟಿನ ಹಸಿವು ದೊಡ್ಡದಾಯಿತು. ಮುಂದೆ ಟ್ರಾನ್ಸಿಸ್ಟರು ಬಂದು ವ್ಯಾಟು ಅಗ್ಗವಾದದ್ದರಿಂದ ಆ ಹಸಿವು ಯಾರಿಗೂ ಭಾರವಾಗಲಿಲ್ಲ. ಇಂದು ಮನೆಯ ಸಾಮಾನ್ಯ ಸ್ಪೀಕರು ತಾನು ಪಡೆದ ವಿದ್ಯುತ್ತಿನಲ್ಲಿ ನೂರಕ್ಕೆ ಒಂದು ಪಾಲನ್ನು ಕೂಡ ಸದ್ದನ್ನಾಗಿ ಮಾಡುವುದಿಲ್ಲ. ಮಿಕ್ಕದ್ದೆಲ್ಲ ಶಾಖವಾಗಿ ಹೋಗುತ್ತದೆ.

ಲೆಕ್ಕ ಮುಗಿಯಿತು. ಇನ್ನು ಕಿವಿಯಿಂದ ಕೇಳಿ ನೋಡಬೇಕು. ಮದ್ದೂರಿನಲ್ಲಿ ಮೇಷ್ಟರ ಹಳೆಯ ಶಿಷ್ಯನೊಬ್ಬನಿದ್ದ. ಎಳನೀರು ಮಂಡಿಯ ವ್ಯಾಪಾರದಲ್ಲಿ ಕೈತುಂಬ ಸಂಪಾದಿಸಿ, ಮನೆ ಕಟ್ಟಿಸಿ, ಎದೆಯೆತ್ತರದ ಎರಡು ಸ್ಪೀಕರುಗಳನ್ನು ಹಜಾರದಲ್ಲಿ ದ್ವಾರಪಾಲಕರಂತೆ ನಿಲ್ಲಿಸಿದ್ದಾನೆಂಬ ಸುದ್ದಿ ಬಂದಿತ್ತು. 2023ರಲ್ಲಿ ಹೊಸ ಹೆದ್ದಾರಿ ತೆರೆದ ಮೇಲೆ ಅವಸರದವರು ಮದ್ದೂರನ್ನು ಹೊರಗಿನಿಂದಲೇ ದಾಟಿಬಿಡುತ್ತಾರೆ. ಮೇಷ್ಟರಿಗೆ ಅವಸರವಿರಲಿಲ್ಲ. ಒಂದು ಭಾನುವಾರ ದಂಪತಿಗಳು ಹಳೆಯ ರಸ್ತೆಯಲ್ಲಿಯೇ ಬಸ್ಸು ಹತ್ತಿ ಹೋದರು.

"ಬನ್ನಿ ಸಾರ್, ಬನ್ನಿ ಅಮ್ಮ" ಎಂದು ಶಿಷ್ಯ ಬಿಸಿಬಿಸಿ ವಡೆ ತರಿಸಿ, ತನ್ನ ಕಷ್ಟವನ್ನು ತೋಡಿಕೊಂಡ. ಸ್ಪೀಕರು ಕೊಂಡಾಗ ಅಂದಕ್ಕೆ ಮರುಳಾಗಿ ಎಂಟು ವ್ಯಾಟಿನ ವಾಲ್ವ್ ಆಂಪ್ಲಿಫೈಯರೊಂದನ್ನು ತಂದಿದ್ದನಂತೆ. ದೀಪದ ಹಾಗೆ ಹೊಳೆಯುವ ವಾಲ್ವುಗಳನ್ನು ನೋಡಲು ಎರಡು ಕಣ್ಣು ಸಾಲದು. ಆದರೆ ಹಾಡು ಸ್ವಲ್ಪ ಏರಿದೊಡನೆ ದನಿ ಒಡೆಯುತ್ತಿತ್ತು. ಮೃದಂಗ ಮಣೆಯ ಮೇಲೆ ಹಿಟ್ಟು ತಟ್ಟಿದಂತೆ ಕೇಳುತ್ತಿತ್ತು.

ಮೇಷ್ಟರು ವಿವರಪತ್ರವನ್ನು ತರಿಸಿ ನೋಡಿದರು. ಸಂವೇದನೆ 86 ಡೆಸಿಬಲ್ಲು ಎಂದು ದಪ್ಪ ಅಕ್ಷರದಲ್ಲಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ, 2.83 ವೋಲ್ಟಿಗೆ ಎಂದಿತ್ತು. ಮೇಷ್ಟರು ನಕ್ಕರು. ಎಂಟು ಓಮಿನ ಸ್ಪೀಕರಾದರೆ 2.83 ವೋಲ್ಟೆಂದರೆ ಸರಿಯಾಗಿ ಒಂದು ವ್ಯಾಟು. ಇದೋ ನಾಲ್ಕು ಓಮಿನದು; ಅಷ್ಟೇ ವೋಲ್ಟಿಗೆ ಎರಡು ವ್ಯಾಟು ಕುಡಿಯುತ್ತದೆ. ಆದ್ದರಿಂದ ಒಂದು ವ್ಯಾಟಿನ ಲೆಕ್ಕಕ್ಕೆ ಅದು 83 ಮಾತ್ರ. ಇನ್ನೂ ಕೆಳಗಿನ ನಕ್ಷೆಯಲ್ಲಿ ಆ ನಾಲ್ಕು ಓಮು ಕೂಡ ಕೆಲವು ಸ್ವರಗಳಲ್ಲಿ ಮೂರಕ್ಕಿಂತ ಕೆಳಗೆ ಇಳಿದಿತ್ತು.

"ಓಮು ಇಳಿದರೆ ಏನಾಗುತ್ತದೆ ಸಾರ್?" ಎಂದ ಶಿಷ್ಯ. ಹೈಸ್ಕೂಲಿನಲ್ಲಿ ಹೇಳಿಕೊಟ್ಟದ್ದು ಎಳನೀರಿನಲ್ಲಿ ಕೊಚ್ಚಿಹೋಗಿತ್ತು.

"ನಾಲೆಯ ತೂಬು ನೋಡಿದ್ದೀಯಷ್ಟೆ? ವೋಲ್ಟೆಂದರೆ ನಾಲೆಯಲ್ಲಿ ನೀರಿನ ಮಟ್ಟ. ಓಮು ಇಳಿಯುವುದೆಂದರೆ ತೂಬನ್ನು ಅಗಲವಾಗಿ ತೆರೆಯುವುದು. ಹಿಂದೆ ನೀರು ಸಮೃದ್ಧವಾಗಿದ್ದರೆ ಗದ್ದೆ ತುಂಬುತ್ತದೆ. ಇಲ್ಲದಿದ್ದರೆ ಮಟ್ಟವೇ ಕುಸಿಯುತ್ತದೆ. ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದವರಿಗೆ ಇದನ್ನು ನಾನು ಹೇಳಿಕೊಡಬೇಕೆ?"

ಮದ್ದೂರಿನವನಿಗೆ ತಟ್ಟನೆ ಅರ್ಥವಾಯಿತು. ಅವನು ಆಮೇಲೆ ತಂದಿದ್ದ ಟ್ರಾನ್ಸಿಸ್ಟರಿನ ಯಂತ್ರ ಎಂಟು ಓಮಿಗೆ 200 ವ್ಯಾಟು ಕೊಟ್ಟು, ನಾಲ್ಕು ಓಮಿಗೆ ಹತ್ತಿರಹತ್ತಿರ ಅದರ ಎರಡರಷ್ಟು ಕೊಡಬಲ್ಲದಾಗಿತ್ತು. ಮಟ್ಟ ಕುಸಿಯದ ನಾಲೆ ಎಂದರೆ ಅದೇ. ಮೇಷ್ಟರು ಇನ್ನೂ ಒಂದು ಮಾತು ಹೇಳಿದರು. ವಾಲ್ವಿನ ಯಂತ್ರಕ್ಕೆ ಸಾಮಾನ್ಯವಾಗಿ ತನ್ನೊಳಗೇ ಒಂದಷ್ಟು ತಡೆ ಹೆಚ್ಚು; ಸ್ಪೀಕರಿನ ಓಮು ಏರಿಳಿದಂತೆಲ್ಲ ದನಿಯ ಬಣ್ಣವೂ ಬದಲಾಗುತ್ತದೆ. ಒಳತಡೆ ಕಡಮೆಯಿರುವ ಯಂತ್ರವಾದರೋ ಮೂಗುದಾರ ಹಿಡಿದಂತೆ ಸ್ಪೀಕರಿನ ಶಂಕುವನ್ನು ಹಿಡಿದು ನಿಲ್ಲಿಸುತ್ತದೆ. ಶಕ್ತಿ ಸಾಲದ ಯಂತ್ರವನ್ನು ಹಟದಿಂದ ಜೋರು ಮಾಡಿದರೆ ಅದು ಅಲೆಯ ನೆತ್ತಿಯನ್ನು ಕತ್ತರಿಸಿ ಚಪ್ಪಟೆ ಮಾಡುತ್ತದೆ. ಅದರಿಂದ ಹುಟ್ಟುವ ಒರಟು ಸದ್ದೆಲ್ಲ ಟ್ವೀಟರಿಗೆ ನುಗ್ಗಿ ಅದನ್ನು ಸುಟ್ಟರೂ ಸುಟ್ಟೀತು. ಸ್ಪೀಕರು ಸುಡುವುದು ಹೆಚ್ಚು ವ್ಯಾಟಿನಿಂದ ಮಾತ್ರವಲ್ಲ, ಕಡಮೆ ವ್ಯಾಟಿನಿಂದಲೂ ಹೌದು.

ಪಾಠವಾದ ಮೇಲೆ ಹಾಡು. ಹಜಾರದ ನೆಲ ಗ್ರಾನೈಟು, ಗೋಡೆ ಬೋಳು, ಕಿಟಕಿಗೆ ಪರದೆಯಿಲ್ಲ. ಪಿಟೀಲು ಹೊರಟಿತು, ನೆಲ ಗೋಡೆಗಳೂ ಜೊತೆಗೆ ಹಾಡಿದವು. ಮೇಷ್ಟರು ಕಣ್ಣು ಮುಚ್ಚಿ ತಲೆದೂಗಿದರು. ಕಣ್ಣು ತೆರೆದಾಗ ಪತ್ನಿ ಸೆರಗಿನಿಂದ ಕಿವಿ ಮುಚ್ಚಿಕೊಂಡಿದ್ದರು.

"ಜೋರಾಯಿತೇನಮ್ಮ?" ಎಂದು ಶಿಷ್ಯ ತಗ್ಗಿಸಿದ.

"ಈಗ ಏನೂ ಕೇಳಿಸುತ್ತಿಲ್ಲವಪ್ಪ" ಎಂದರು ಆಕೆ.

ಒಂದು ಗುಂಡಿಯನ್ನು ಅತ್ತ ಸ್ವಲ್ಪ ತಿರುಗಿಸಿದರೆ ಸಹಿಸದು, ಇತ್ತ ಸ್ವಲ್ಪ ತಿರುಗಿಸಿದರೆ ಕೇಳಿಸದು. ನಡುವೆ ನಿಲ್ಲಲು ಒಂದು ಬೆರಳಿನಷ್ಟೂ ಜಾಗವಿಲ್ಲ. ಗ್ರಾನೈಟಿನ ಪ್ರತಿಧ್ವನಿಯ ಕಾಟವಿದು ಎಂದು ಮೇಷ್ಟರು ನಿರ್ಣಯಿಸಿದರು. ಅದೂ ಅರ್ಧ ನಿಜವೇ ಆಗಿತ್ತು.

ಮುಂದಿನ ವಾರ ಮಳವಳ್ಳಿ. 1902ರಲ್ಲಿ ಈ ತಾಲ್ಲೂಕಿನ ಶಿವನಸಮುದ್ರದಿಂದ ಹೊರಟ ವಿದ್ಯುತ್ತು ತಂತಿಯ ಮೇಲೆ ದೂರದ ಕೋಲಾರದ ಚಿನ್ನದ ಗಣಿಯವರೆಗೆ ಹರಿದಿತ್ತು. ಅದೇ ಮಳವಳ್ಳಿಯಲ್ಲಿ, ಆ ವಿದ್ಯುತ್ತನ್ನು ನಾಲ್ಕು ದಶಕ ಹಾಡನ್ನಾಗಿ ಮಾಡಿದ ಮುದುಕರೊಬ್ಬರಿದ್ದರು. ಸೌಂಡ್ ಸರ್ವಿಸ್ ಇಟ್ಟವರು. ಸುತ್ತಿನ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕವೆಂದರೆ ಅವರ ಹಾರ್ನು ಇರಲೇಬೇಕು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಲ್ಲಿ ಧ್ವನಿವರ್ಧಕ ಕೂಡದೆಂಬ ನಿಯಮ 2000ದಲ್ಲಿ ಬಂದ ಮೇಲೆ, ಬೆಳಗಾಗುವವರೆಗೆ ದುರ್ಯೋಧನ ಗರ್ಜಿಸುವ ಕಾಲ ಹೋಯಿತೆಂದು ಅವರ ಕೊರಗು. ಈಗ ವ್ಯಾಪಾರವನ್ನು ಮಗನಿಗೆ ಬಿಟ್ಟು, ಮನೆಯ ನಡುಮನೆಯಲ್ಲಿ ತಾವೇ ಮರದಲ್ಲಿ ಕಟ್ಟಿದ ಎರಡು ದೊಡ್ಡ ಹಾರ್ನ್ ಸ್ಪೀಕರುಗಳ ಮುಂದೆ ಕುಳಿತಿರುತ್ತಾರೆ.

ಹಾರ್ನಿನ ಗುಟ್ಟು ಸರಳವಾದದ್ದು. ಸಣ್ಣ ಪೊರೆಯೊಂದು ಬಯಲಿನ ಗಾಳಿಯನ್ನು ತಳ್ಳಲು ಹೋದರೆ ಗಾಳಿ ಕೈಗೆ ಸಿಕ್ಕದೆ ಜಾರಿಕೊಳ್ಳುತ್ತದೆ. ಕಿರಿದಾದ ಕೊರಳಿನಿಂದ ಮೆಲ್ಲಮೆಲ್ಲನೆ ಅಗಲವಾಗುವ ಬಾಯೊಂದನ್ನು ಮುಂದೆ ಇಟ್ಟರೆ ಅದೇ ಪೊರೆಗೆ ಗಾಳಿಯ ಮೇಲೆ ಹಿಡಿತ ಸಿಕ್ಕುತ್ತದೆ. ನಾದಸ್ವರದ ಬಾಯಿ ಅರಳಿರುವುದು ಬರಿಯ ಚೆಲುವಿಗಲ್ಲ. 1940ರ ದಶಕದಲ್ಲಿ ಅಮೆರಿಕದ ಪಾಲ್ ಕ್ಲಿಪ್ಷ್ ಎಂಬಾತ ಕೋಣೆಯ ಮೂಲೆಯ ಗೋಡೆಗಳನ್ನೇ ಹಾರ್ನಿನ ಮುಂದುವರಿದ ಭಾಗವಾಗಿ ಬಳಸಿಕೊಂಡು ಮನೆಯ ಸ್ಪೀಕರನ್ನು ಕಟ್ಟಿದ. ಆ ಬಗೆಯವುಗಳ ಸಂವೇದನೆ ನೂರು ಡೆಸಿಬಲ್ಲನ್ನೂ ಮೀರುತ್ತದೆ.

ಮಳವಳ್ಳಿಯ ಹಿರಿಯರ ಸ್ಪೀಕರು ನೂರರ ಹತ್ತಿರದ್ದು. ಅದಕ್ಕೆ ಕೊಟ್ಟಿದ್ದುದು ಹತ್ತು ವ್ಯಾಟಿನ ವಾಲ್ವ್ ಯಂತ್ರ. ಒಳಗಿನ ಇಎಲ್ 84 ವಾಲ್ವುಗಳು ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಹಿಂದೆ ತಯಾರಾದವು. ಈಗ ಹವ್ಯಾಸಿಗಳು ಹುಡುಕಿ ಹುಡುಕಿ ಕೊಳ್ಳುವಂಥವು. ಮೇಷ್ಟರು ಮನಸ್ಸಿನಲ್ಲಿಯೇ ಲೆಕ್ಕ ಹಾಕಿದರು. ಮದ್ದೂರಿನ 83ಕ್ಕೂ ಮಳವಳ್ಳಿಯ 100ಕ್ಕೂ ಹದಿನೇಳು ಡೆಸಿಬಲ್ಲಿನ ಅಂತರ. ಎಂದರೆ ಐವತ್ತರಷ್ಟು ಶಕ್ತಿ. ಇಲ್ಲಿಯ ಹತ್ತು ವ್ಯಾಟು ಅಲ್ಲಿಯ ಐನೂರಕ್ಕೆ ಸಮ! ಮದ್ದೂರಿನಲ್ಲಿ ತಲೆತಗ್ಗಿಸಿದ ವಾಲ್ವು ಮಳವಳ್ಳಿಯಲ್ಲಿ ಮಹಾರಾಜ. ಯಂತ್ರದಲ್ಲಿ ದೋಷವಿರಲಿಲ್ಲ, ಸಂಬಂಧದಲ್ಲಿತ್ತು.

"ನಿಮ್ಮ ಕಡೆ ಚೌಡಯ್ಯನೋರು ಏನ್ ಮಾಡುದ್ರು ಗೊತ್ತಾ ಅಮ್ಮಾವ್ರೆ?" ಎಂದು ಮುದುಕರು ಆಕೆಯನ್ನು ಮಾತಿಗೆಳೆದರು. "ಮೈಕಿಲ್ದ ಕಾಲ. ದೊಡ್ಡ ಸಭೇಲಿ ಹಿಂದಿನ ಸಾಲಿಗೆ ಪಿಟೀಲು ಕೇಳುಸ್ತಿರ್ನಿಲ್ಲ. ನಾಕು ತಂತಿ ಸಾಲ್ದು ಅಂತ ಏಳು ತಂತಿ ಕಟ್ಟುದ್ರು."

1927ರ ಸುಮಾರಿನ ಆ ಏಳು ತಂತಿಯ ಪಿಟೀಲಿನ ಕಥೆ ಆಕೆಗೆ ತಂದೆಯಿಂದ ಬಂದದ್ದು. ಆಕೆ ನಕ್ಕು ತಲೆಯಾಡಿಸಿದರು. ಆಮೇಲೆ ಮುದುಕರು ಹಾಡು ಹಾಕಿದರು. ಹಾರ್ನಿನ ಬಾಯಿ ನೇರವಾಗಿ ಆಕೆಯ ಕಡೆಗೆ ತಿರುಗಿತ್ತು. ಮಣ್ಣಿನ ಗೋಡೆಯ ಮನೆಯಲ್ಲಿ ಪ್ರತಿಧ್ವನಿಯೂ ಕಡಮೆ. ಬಹುದಿನಗಳ ಮೇಲೆ ಆಕೆ ಒಂದು ಹಾಡನ್ನು ಕೊನೆಯವರೆಗೂ ಕೇಳಿದರು. ಮೇಷ್ಟರಿಗೆ ಸ್ವರ್ಗಕ್ಕೆ ಮೂರೇ ಗೇಣು. ಇಂಥದನ್ನೇ ಕಟ್ಟಿಸಿಬಿಡೋಣವೆಂದು ಟೇಪು ತೆಗೆದು ಅಳೆಯಲು ಹೊರಟರು. ಹನ್ನೆರಡಡಿಯ ತಮ್ಮ ಹಜಾರದಲ್ಲಿ ಇವನ್ನು ನಿಲ್ಲಿಸಿದರೆ ಗಂಡಹೆಂಡಿರು ಜಗುಲಿಯಲ್ಲಿ ಮಲಗಬೇಕಾಗುತ್ತದೆಂಬುದು ಆಗ ಹೊಳೆಯಿತು.

ಹೊರಡುವಾಗ ಮುದುಕರು ಮೇಷ್ಟರನ್ನು ಬಾಗಿಲ ಬಳಿ ನಿಲ್ಲಿಸಿಕೊಂಡರು.

"ಮೇಷ್ಟ್ರೆ, ತಪ್ಪು ತಿಳಿಬೇಡಿ. ಅಮ್ಮಾವ್ರು ನಾನು ಮಾತಾಡೋವಾಗ ನನ್ ಮುಖ ನೋಡ್ತಿರ್ನಿಲ್ಲ, ಬಾಯಿ ನೋಡ್ತಿದ್ರು. ಬಾಯಿ ನೋಡ್ಕಂಡು ಮಾತು ತಿಳ್ಕತಾವ್ರೆ. ನನಗೆ ಗೊತ್ತಾಯ್ತದೆ, ನಾನೂ ಹಂಗೇ ಮಾಡ್ತಿದ್ದೆ." ಎಂದವರೇ ತಮ್ಮ ಬಿಳಿಯ ಕೂದಲನ್ನು ಸರಿಸಿ, ಕಿವಿಯ ಹಿಂದಿನ ಸಣ್ಣ ಯಂತ್ರವನ್ನು ತೋರಿಸಿದರು. "ನಲವತ್ತು ವರ್ಸ ಹಾರ್ನ್ ಪಕ್ಕ ನಿಂತಿದ್ದಕ್ಕೆ ನನಗೆ ಇದು. ಅವರಿಗೆ ವಯಸ್ಸಿಗೆ ಬಂದಿರ್ಬೋದು. ಮದ್ಲು ಕಿವಿ ತೋರ್ಸಿ. ಪೆಟ್ಗೆ ಎಲ್ಲಿಗೋಯ್ತದೆ?"

ಹಿಂತಿರುಗುವ ಬಸ್ಸಿನಲ್ಲಿ ಮೇಷ್ಟರು ಒಂದು ಮಾತೂ ಆಡಲಿಲ್ಲ. ಹಾಲಿನ ಲೋಟ ಕಣ್ಣೆದುರಿಗೆ ಬಂತು. ಕಾಲು, ಹಾಲು, ಮಗಳ ಫೋನು, ಮದ್ದೂರಿನಲ್ಲಿ ಕಿವಿಗೇರಿದ ಸೆರಗು. ಮೂವತ್ತು ವರ್ಷ ಶಬ್ದತರಂಗದ ಪಾಠ ಮಾಡಿದವರಿಗೆ ಕಾಣದೆ ಹೋದದ್ದು ಒಬ್ಬ ಸೌಂಡ್ ಸರ್ವಿಸಿನ ಮುದುಕರಿಗೆ ಅರ್ಧ ಗಂಟೆಯಲ್ಲಿ ಕಂಡಿತ್ತು. ಪಕ್ಕದಲ್ಲಿ ಕಿಟಕಿಯ ಹೊರಗೆ ಕಬ್ಬಿನ ಗದ್ದೆಗಳನ್ನು ನೋಡುತ್ತ ಕುಳಿತಿದ್ದ ಪತ್ನಿಯನ್ನು ಮೆಲ್ಲನೆ ಕರೆದರು. ಆಕೆ ತಿರುಗಲಿಲ್ಲ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. 1965ರಲ್ಲಿ ಸ್ಥಾಪನೆಯಾದದ್ದು. ಮಂಡ್ಯಕ್ಕೆ ಇಷ್ಟು ಹತ್ತಿರದಲ್ಲಿ ಇಂಥ ಸಂಸ್ಥೆಯಿರುವುದನ್ನು ಬಲ್ಲವರೂ, "ನನಗೇನು ಕಿವುಡೆ?" ಎಂಬ ಒಂದು ಪ್ರಶ್ನೆಗೆ ಹೆದರಿ ವರ್ಷಗಟ್ಟಲೆ ಅತ್ತ ಸುಳಿಯುವುದಿಲ್ಲ. ಆಕೆಯೂ ಮೊದಲು ಅದನ್ನೇ ಕೇಳಿದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರಡು ವರ್ಷವಾಯಿತು. ಹೇಳಿದರೆ ನಿಮಗೆ ಚಿಂತೆ ಅಂತ ಪೆಟ್ಟಿಗೆಯ ಮೇಲೆ ಹಾಕಿದೆ" ಎಂದರು.

ಸದ್ದು ನುಗ್ಗದ ಕೋಣೆಯಲ್ಲಿ ಕೂರಿಸಿ, ಒಂದೊಂದೇ ಸ್ವರವನ್ನು ಕೇಳಿಸಿ, ಕಿವಿಯ ನಕ್ಷೆಯೊಂದನ್ನು ಬರೆದುಕೊಟ್ಟರು. ಅದನ್ನು ಕೈಗೆ ತೆಗೆದುಕೊಂಡ ಮೇಷ್ಟರಿಗೆ ಬೆರಗಾಯಿತು. ಅಡ್ಡಗೆರೆಯಲ್ಲಿ ಕಂಪನಸಂಖ್ಯೆ, ಉದ್ದಗೆರೆಯಲ್ಲಿ ಡೆಸಿಬಲ್ಲು. ಆರು ತಿಂಗಳಿಂದ ಹತ್ತಾರು ಸ್ಪೀಕರುಗಳ ವಿವರಪತ್ರಗಳಲ್ಲಿ ಇದೇ ಬಗೆಯ ನಕ್ಷೆಗಳನ್ನಲ್ಲವೆ ತಾವು ಪಕ್ಕಪಕ್ಕದಲ್ಲಿಟ್ಟು ಹೋಲಿಸಿದ್ದು! ಹೆಂಡತಿಯ ಕಿವಿಯ ನಕ್ಷೆಯನ್ನು ಮಾತ್ರ ನೋಡಿರಲಿಲ್ಲ. ಎಡಗಡೆ, ತಗ್ಗಿನ ಸ್ವರಗಳಲ್ಲಿ ಗೆರೆ ಚೆನ್ನಾಗಿಯೇ ಇತ್ತು. ಎರಡು ಸಾವಿರ ಕಂಪನ ದಾಟಿದೊಡನೆ ಗಗನಚುಕ್ಕಿಯ ನೀರಿನಂತೆ ಕೆಳಕ್ಕೆ ಧುಮುಕಿತ್ತು.

ಮಾತಿನಲ್ಲಿ ಸ್ವರಾಕ್ಷರಗಳ ಬಲವೆಲ್ಲ ತಗ್ಗಿನ ಕಂಪನದಲ್ಲಿದೆ. ಸ, ಶ, ತ, ಕ, ಪ ಮುಂತಾದ ವ್ಯಂಜನಗಳನ್ನು ಗುರುತಿಸಲು ಬೇಕಾದದ್ದು ಹೆಚ್ಚಾಗಿ ಮೇಲಿನ ಕಂಪನದಲ್ಲಿದೆ. ಅದರ ಬಲವೂ ಕಡಮೆ. ವಯಸ್ಸಿನಿಂದ ಬರುವ ಕಿವಿಮಂದ ಮೊದಲು ಮೇಲಿನದನ್ನೇ ಕದಿಯುತ್ತದೆ. ಉಳಿಯುವುದು ಆಕಾರ, ಉಕಾರಗಳ ಸದ್ದು. ಕಾಲು ಹಾಲಾಗುತ್ತದೆ; ಹಾಡು ಇರುತ್ತದೆ, ಸಾಹಿತ್ಯ ಇರುವುದಿಲ್ಲ. ಅದರ ಜೊತೆಗೆ ಇನ್ನೊಂದು ವಿಚಿತ್ರ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ನಾಶವಾದಾಗ ಸಣ್ಣ ಸದ್ದು ಕೇಳಿಸದೆ ಹೋಗುತ್ತದೆ. ದೊಡ್ಡ ಸದ್ದು ಮಾತ್ರ ಎಂದಿನಷ್ಟೇ ದೊಡ್ಡದಾಗಿ ಬಂದು ಬಡಿಯುತ್ತದೆ. ಮದ್ದೂರಿನಲ್ಲಿ ಗುಂಡಿಗೆ ನಡುವಿನ ಜಾಗ ಸಿಕ್ಕದೆ ಹೋದದ್ದಕ್ಕೆ ಕಾರಣ ಇದು. ಈ ಕೋಶಗಳು ಮತ್ತೆ ಹುಟ್ಟುವುದಿಲ್ಲ. ದಿನಕ್ಕೆ ಎಂಟು ಗಂಟೆಯ ಕಾಲ 85 ಡೆಸಿಬಲ್ಲಿನ ಸದ್ದಿನಲ್ಲಿ ವರ್ಷಗಟ್ಟಲೆ ದುಡಿದವರಿಗೂ ಇದೇ ಗತಿ ಬರಬಹುದು. ಮಳವಳ್ಳಿಯ ಹಿರಿಯರಿಗೆ ಬಂದದ್ದು ಆ ದಾರಿಯಿಂದ.

ಕಿವಿಗೆ ಹಾಕಿಕೊಟ್ಟ ಶ್ರವಣಯಂತ್ರವನ್ನು ಮೇಷ್ಟರು ಅಂಗೈಯಲ್ಲಿಟ್ಟು ನೋಡಿದರು. ಹುಣಿಸೆಯ ಬೀಜಕ್ಕಿಂತ ಸ್ವಲ್ಪ ದೊಡ್ಡದು. ಅದರೊಳಗೆ ಮೈಕುಂಟು, ಆಂಪ್ಲಿಫೈಯರುಂಟು, ಸ್ಪೀಕರೂ ಉಂಟು. ಕನ್ನಡದ ಜನ ಮೂರನ್ನೂ ಒಂದೇ ಮಾತಿನಲ್ಲಿ ಧ್ವನಿವರ್ಧಕವೆಂದು ಕರೆದದ್ದು ಇಲ್ಲಿಯಾದರೂ ಸಾರ್ಥಕವಾಯಿತು! ಆದರೆ ಇದು ಎಲ್ಲವನ್ನೂ ಒಂದೇ ಸಮನೆ ಎತ್ತುವುದಿಲ್ಲ. ನಕ್ಷೆ ಎಲ್ಲಿ ಇಳಿದಿದೆಯೋ ಅಲ್ಲಿ ಮಾತ್ರ ಹೆಚ್ಚು ಎತ್ತುತ್ತದೆ. ಸಣ್ಣ ಸದ್ದನ್ನು ಹೆಚ್ಚಾಗಿ, ದೊಡ್ಡ ಸದ್ದನ್ನು ಕಡಮೆಯಾಗಿ ಎತ್ತುತ್ತದೆ. ಹೊಂದಿಕೆಯ ಆಂಪ್ಲಿಫೈಯರೆಂದು ಊರೂರು ಅಲೆದು ಹುಡುಕಿದ್ದು ಇದನ್ನಲ್ಲವೆ?

ಮೊದಲ ಕೆಲವು ವಾರ ಸುಲಭವಾಗಿರಲಿಲ್ಲ. ಕುಕ್ಕರಿನ ಸೀಟಿ ಸಿಡಿಲಿನಂತೆ, ನಲ್ಲಿಯ ನೀರು ಮಳೆಯಂತೆ, ಪತ್ರಿಕೆಯ ಹಾಳೆ ತಿರುವಿದರೆ ತಗಡು ಹರಿದಂತೆ ಕೇಳಿ ಆಕೆ ಯಂತ್ರವನ್ನು ಎರಡು ಸಲ ಬಿಚ್ಚಿಟ್ಟರು. ಮರೆತುಹೋದ ಸದ್ದುಗಳ ಪರಿಚಯವನ್ನು ಮೆದುಳು ಮತ್ತೆ ಮಾಡಿಕೊಳ್ಳಬೇಕಷ್ಟೆ. ಸಂಸ್ಥೆಯವರು ಎರಡು ಸಲ ಹೊಂದಾಣಿಕೆ ಸರಿಪಡಿಸಿದರು. ಮಾತಿಗೊಂದು, ಸಂಗೀತಕ್ಕೊಂದು ಎಂದು ಎರಡು ಬಗೆಯ ಏರ್ಪಾಡನ್ನೂ ಮಾಡಿಕೊಟ್ಟರು.

ಸ್ಪೀಕರು ಬಂದದ್ದು ಆಮೇಲೆ. ಈ ಸಲ ಮೇಷ್ಟರು ಕೊನೆಯಿಂದ ಮೊದಲಿಗೆ ಬಂದರು. ಮೊದಲು ಕೇಳುವ ಕಿವಿ, ಆಮೇಲೆ ಕೋಣೆ, ಆಮೇಲೆ ಸ್ಪೀಕರು, ಕಟ್ಟಕಡೆಗೆ ಆಂಪ್ಲಿಫೈಯರು. ಹಜಾರದ ಕೆಂಪು ನೆಲಕ್ಕೆ ದಪ್ಪ ಜಮಖಾನ ಬಂತು, ಕಿಟಕಿಗೆ ಭಾರವಾದ ಪರದೆ ಬಂತು, ಎದುರು ಗೋಡೆಗೆ ಮೇಷ್ಟರ ಪುಸ್ತಕದ ಬೀರು ಬಂತು. ಸ್ಪೀಕರಿಗೆ ಅವರು ಆರಿಸಿದ್ದು ಪುಟ್ಟ ಜೋಡಿಯೊಂದನ್ನು. 1970ರ ದಶಕದಲ್ಲಿ ಬಿ.ಬಿ.ಸಿ.ಯವರು ತಮ್ಮ ಪ್ರಸಾರದ ವಾಹನದ ಇಕ್ಕಟ್ಟಿನಲ್ಲಿ ಕುಳಿತು ಮನುಷ್ಯರ ಮಾತು ಸಹಜವಾಗಿದೆಯೆ ಎಂದು ಪರೀಕ್ಷಿಸಲು ಎಲ್ಎಸ್ 3/5ಎ ಎಂಬ ಸಣ್ಣ ಪೆಟ್ಟಿಗೆಯನ್ನು ರೂಪಿಸಿದರು. ಆಳದ ನಾದ ಅದರಲ್ಲಿ ಕಡಮೆ, ಸಂವೇದನೆಯೂ 83ರ ಆಸುಪಾಸು. ಆದರೆ ಕಂಠದ ವಿಷಯದಲ್ಲಿ ಅದು ಸತ್ಯಸಂಧ. ಆ ಸಂಪ್ರದಾಯದಲ್ಲಿ ಬಂದ, 85 ಡೆಸಿಬಲ್ಲಿನ, ಎಂಟು ಓಮಿನಿಂದ ಹೆಚ್ಚು ಇಳಿಯದ ಜೋಡಿ ಅದು.

ಆಂಪ್ಲಿಫೈಯರು? ಲೆಕ್ಕದ ಪುಸ್ತಕ ಮತ್ತೆ ಹೊರಬಂತು. ಎರಡು ಮೀಟರು ದೂರದಲ್ಲಿ ಕುಳಿತವರಿಗೆ ಎರಡೂ ಸ್ಪೀಕರು ಸೇರಿ, ತಲಾ ಒಂದು ವ್ಯಾಟಿಗೆ 82 ಡೆಸಿಬಲ್ಲು ಎಂದಿಟ್ಟುಕೊಳ್ಳೋಣ. ಸಂಜೆ ಮನೆಯಲ್ಲಿ ಹಿತವಾಗಿ ಹಾಡು ಕೇಳಲು 72 ಸಾಕು. ಎಂದರೆ ಒಂದು ವ್ಯಾಟಿನ ಹತ್ತನೆಯ ಒಂದು ಪಾಲು! ಮೃದಂಗದ ಒಂದು ಪೆಟ್ಟು ಅದಕ್ಕಿಂತ ಇಪ್ಪತ್ತು ಡೆಸಿಬಲ್ಲು ಮೇಲೆ ಹಾರಿದರೂ ಬೇಕಾದದ್ದು ಹತ್ತು ವ್ಯಾಟು. ಐವತ್ತು ವ್ಯಾಟಿನ ಸಾಧಾರಣ ಟ್ರಾನ್ಸಿಸ್ಟರ್ ಯಂತ್ರ ಕೈಬಿಡದೆ ನಡೆಸುತ್ತದೆ. ಎರಡು ಲಕ್ಷದಲ್ಲಿ ಶ್ರವಣಯಂತ್ರ, ಸ್ಪೀಕರು, ಆಂಪ್ಲಿಫೈಯರು, ಜಮಖಾನ, ಪರದೆ ಎಲ್ಲ ಮುಗಿದು ಒಂದಿಷ್ಟು ಉಳಿಯಿತು. ಅಟ್ಟದ ವೀಣೆಗೆ ಹೊಸ ತಂತಿ ಹಾಕಿಸಲು ಅದು ಹೋಯಿತು.

ಕನ್ನಡದಲ್ಲಿ 'ಕೇಳು' ಎಂಬ ಒಂದೇ ಮಾತಿಗೆ ಆಲಿಸು ಎಂದೂ ವಿಚಾರಿಸು ಎಂದೂ ಎರಡರ್ಥ. ಊರಿನ ಸ್ಪೀಕರುಗಳನ್ನೆಲ್ಲ ಕೇಳಿದ ಮೇಷ್ಟರು ಮನೆಯವರನ್ನು ಸರಿಯಾಗಿ ಕೇಳಲು ಎರಡು ವರ್ಷ ತಡಮಾಡಿದ್ದರು. ಇದನ್ನು ಅವರೇ ಈಗ ಮಗಳ ಮುಂದೆ ಒಪ್ಪಿಕೊಳ್ಳುತ್ತಾರೆ. ಮಗಳ ಫೋನು ಬಂದರೆ ಅವರ ಸರದಿ ಬರಲು ಅರ್ಧ ಗಂಟೆ ಕಾಯಬೇಕು.

ಸಂಜೆಯ ಪದ್ಧತಿ ಮತ್ತೆ ಶುರುವಾಯಿತು. ಮೊದಲ ದಿನ ದೀಪ ಹಚ್ಚಿ, ಇಬ್ಬರೂ ಕುಳಿತು, ಮೇಷ್ಟರು ಆಕೆಗೆ ಪ್ರಿಯವಾದ ಭಾವಗೀತೆಯೊಂದನ್ನು ಹಾಕಿದರು. ಹಾಡು ಪಲ್ಲವಿ ಮುಗಿಸಿ ಚರಣಕ್ಕೆ ಬಂತು. ಆಕೆಯ ತುಟಿಗಳು ಮೆಲ್ಲಗೆ ಅಲುಗಿದವು. ಮಾತು ಮಾತೂ ಕೇಳಿಸುತ್ತಿತ್ತು. ಮೇಷ್ಟರಿಗೆ ಕಂಠ ತುಂಬಿ ಬಂದು, ಎಂದಿನ ಅಭ್ಯಾಸದಂತೆ ತಾವೂ ಸಣ್ಣ ದನಿಯಲ್ಲಿ ಜೊತೆಗೂಡಿ ಹಾಡತೊಡಗಿದರು.

ಆಕೆ ಕೈಚಾಚಿ ಗುಂಡಿಯನ್ನು ತಗ್ಗಿಸಿ, ಅವರ ಕಡೆಗೆ ತಿರುಗಿದರು.

"ಅಂದ್ರೆ, ನೀವು ಇಷ್ಟು ವರ್ಷವೂ ಹೀಗೆಯೇ ಅಪಸ್ವರದಲ್ಲಿ ಹಾಡುತ್ತಿದ್ದಿರಾ?"